ಮಕ್ಕಳ ಕಾಲಿಗೆ ತಕ್ಕ ಗೆಜ್ಜೆ

ಹೋದ ವರ್ಷ ಬೆಂಗಳೂರಿನ ರಂಗಮಂದಿರವೊಂದರಲ್ಲಿ 13 ವರ್ಷದ ಹುಡುಗಿಯ ಭರತನಾಟ್ಯ ರಂಗಪ್ರವೇಶ, ಅಂದರೆ ಒಬ್ಬಳೇ ಮಾಡುವ ಮೊದಲ ಪೂರ್ಣ ಕಛೇರಿ, ನೋಡಿದೆ. ಆರಂಭದ ಅಲರಿಪು, ಜತಿಸ್ವರ ಸೊಗಸಾಗಿ ಬಂದವು. ಕಾಲು ಗಟ್ಟಿಯಾಗಿತ್ತು, ಮಂಡಿ ಬಗ್ಗಿಸಿದ ಅರೆಮಂಡಿ ನಿಲುವು ಎಲ್ಲೂ ಮೇಲೇಳಲಿಲ್ಲ. ಆಮೇಲೆ ಕಛೇರಿಯ ನಡುಭಾಗವಾದ ವರ್ಣ. ನಾಯಕ ಬರಲಿಲ್ಲವೆಂದು ವಿರಹದಲ್ಲಿ ಬೇಯುವ ನಾಯಿಕೆ, ಅವನನ್ನು ಕರೆತಾ ಎಂದು ಸಖಿಯನ್ನು ಬೇಡಿಕೊಳ್ಳುವ ವಸ್ತು. ಮಗು ಹುಬ್ಬು ಏರಿಸಿತು, ಎದೆಯ ಮೇಲೆ ಕೈಯಿಟ್ಟುಕೊಂಡಿತು, ಹಾಸಿಗೆಯ ಮೇಲಿನ ಹೂವನ್ನು ಬಾಚಿ ಎಸೆಯಿತು. ಎಲ್ಲವೂ ಹೇಳಿಕೊಟ್ಟ ಹಾಗೆಯೇ. ಆದರೆ ಆ ಮುಖದಲ್ಲಿ ವಿರಹವಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಸುಮಾರು ಮುಕ್ಕಾಲು ಗಂಟೆ ಆ ಹುಡುಗಿ ತನಗೆ ಗೊತ್ತಿಲ್ಲದ ಒಂದು ನೋವನ್ನು ಒಪ್ಪಿಸಿದಳು.

ನನ್ನ ಪಕ್ಕದ ಕುರ್ಚಿಯಲ್ಲಿ ಅದೇ ಗುರುಗಳ ಇನ್ನೊಬ್ಬ ಶಿಷ್ಯೆ ಕೂತಿದ್ದಳು. ಏಳೋ ಎಂಟೋ ವರ್ಷವಿರಬೇಕು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಭಿನಯದ ಭಾಗ ಬಂದಾಗಲೆಲ್ಲ ಅವಳು ಅತ್ತಿತ್ತ ನೋಡುತ್ತಿದ್ದಳು. ಬರೀ ಹೆಜ್ಜೆಯ ಜತಿ ಶುರುವಾದೊಡನೆ ಬೆನ್ನು ನೆಟ್ಟಗಾಗುತ್ತಿತ್ತು. ತೊಡೆಯ ಮೇಲೆ ಆದಿತಾಳ ಹಾಕಲು ತೊಡಗುತ್ತಿದ್ದಳು: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಜತಿಯ ಕೊನೆಯ ತೀರ್ಮಾನ ಮುಗಿದು ಪಲ್ಲವಿ ಸರಿಯಾದ ಜಾಗದಲ್ಲಿ ಎದ್ದಾಗ ಅವಳು ತನ್ನಷ್ಟಕ್ಕೆ "ಬಂತು" ಅಂದಳು. ಯಾರಿಗೂ ಹೇಳಿದ್ದಲ್ಲ. ಲೆಕ್ಕ ಕೂಡಿಬಂದ ಖುಷಿ, ಅಷ್ಟೇ.

ಮಕ್ಕಳಿಗೆ ನೃತ್ಯಪಾಠದಿಂದ ಏನು ಒಳ್ಳೆಯದಾಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೀಗ ನೆನಪಾಗುವುದು ವೇದಿಕೆಯ ಮೇಲಿದ್ದ ಹುಡುಗಿಯಲ್ಲ, ಈ ಪುಟ್ಟಿ. ಪಾಠದ ಫಲ ಅವಳ ಬೆರಳಲ್ಲಿತ್ತು. ನಾವು ಕಲಿಕೆಯನ್ನು ಅಳೆಯುತ್ತಿರುವುದು ಮಾತ್ರ ವೇದಿಕೆಯಿಂದ.

ಪಾಠ ಹೇಗೆ ನಡೆಯುತ್ತದೆ ಎನ್ನುವುದನ್ನು ಒಮ್ಮೆ ಹೋಗಿ ನೋಡಬೇಕು. ನಮ್ಮ ಬಡಾವಣೆಗಳಲ್ಲಿ ಹೆಚ್ಚಿನ ನೃತ್ಯಶಾಲೆಗಳು ಇರುವುದು ಗುರುಗಳ ಮನೆಯ ಮಹಡಿಯ ಮೇಲೆ. ಮೆಟ್ಟಿಲ ತುಂಬ ಚಪ್ಪಲಿ, ಒಳಗೆ ಮಣೆಯ ಮೇಲೆ ಕೋಲಿನ ಪೆಟ್ಟು. ಭೂಮಿಗೆ ನಮಸ್ಕಾರ ಮಾಡಿ, ಅಡವುಗಳಲ್ಲಿ, ಅಂದರೆ ಮೂಲ ಹೆಜ್ಜೆಗಳಲ್ಲಿ, ಮೊದಲನೆಯದಾದ ತಟ್ಟಡವಿನಿಂದ ಶುರು. ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ. ತಾಳದ ಗತಿ ಬದಲಾಗುವುದಿಲ್ಲ, ಅದರೊಳಗೆ ಹೆಜ್ಜೆ ಇಮ್ಮಡಿಯಾಗುತ್ತದೆ, ನಾಲ್ಮಡಿಯಾಗುತ್ತದೆ. ಆರು ವರ್ಷದ ಮಗು ಗುಣಾಕಾರದ ಮಗ್ಗಿಗಿಂತ ಮೊದಲೇ ಇದನ್ನು ಅಂಗಾಲಿನಲ್ಲಿ ಕಲಿಯುತ್ತದೆ. ಮುಂದೆ ತಿಶ್ರದ ಮೂರು, ಖಂಡದ ಐದು, ಮಿಶ್ರದ ಏಳು ಬರುತ್ತವೆ. ಪತಾಕದಿಂದ ತ್ರಿಶೂಲದವರೆಗೆ ಒಂದೇ ಕೈಯಲ್ಲಿ ಹಿಡಿಯುವ 28 ಅಸಂಯುತ ಹಸ್ತಗಳು, ಒಂಬತ್ತು ಬಗೆಯ ತಲೆಯ ಚಲನೆ, ಎಂಟು ದೃಷ್ಟಿ, ನಾಲ್ಕು ಕತ್ತಿನ ಚಲನೆ. ಬಾಯಿಪಾಠವೆಂದರೆ ಮೂಗು ಮುರಿಯುವವರು ಇಲ್ಲಿ ಬಾಯಿ ಹೇಳಿದ್ದನ್ನು ಕೈ ಒಡನೆಯೇ ಮಾಡಿ ತೋರಿಸಬೇಕು ಎಂಬುದನ್ನು ಗಮನಿಸಬೇಕು.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಸಾಲು. ಎಂಟು ಮಕ್ಕಳು ಒಂದೇ ಸಾಲಿನಲ್ಲಿ ನಿಂತು ನಾಟ್ಟಡವು ಮಾಡುವಾಗ, ಪಕ್ಕದವಳ ಕೈ ತಗಲದಂತೆ ಜಾಗ ಬಿಟ್ಟುಕೊಳ್ಳಬೇಕು. ಕಲಿಯಲು ನಿಧಾನವಾದವಳಿಗಾಗಿ ಉಳಿದವರು ಅದೇ ಅಡವನ್ನು ಹತ್ತನೆಯ ಸಲ ಮಾಡಬೇಕು. ತಪ್ಪಿದರೆ ಎಲ್ಲರೆದುರು ತಪ್ಪಬೇಕು, ಮತ್ತೆ ಎಲ್ಲರೆದುರೇ ತಿದ್ದಿಕೊಳ್ಳಬೇಕು. ಒಂದೇ ಮಗುವಿರುವ ಮನೆಗಳಿಂದ ಬರುವ ನಮ್ಮ ನಗರದ ಮಕ್ಕಳಿಗೆ ಇದು ಬೇರೆಲ್ಲಿ ಸಿಗುತ್ತದೆ? ಸಂಕೋಚದಿಂದ ಅಮ್ಮನ ಸೆರಗು ಬಿಡದ ಹುಡುಗಿ ಆರು ತಿಂಗಳಲ್ಲಿ ಮೊದಲ ಸಾಲಿಗೆ ಬಂದು ನಿಂತದ್ದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ.

ಹಾಗಾದರೆ ವೇದಿಕೆ ಬೇಡವೇ? ಖಂಡಿತ ಬೇಕು. ಕಲಿತದ್ದನ್ನು ನಾಲ್ಕು ಜನರ ಎದುರು ಮಾಡಿದ ಹೊರತು ಮಗುವಿಗೆ ತನ್ನ ಕಲಿಕೆಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ನನ್ನ ತಕರಾರು ವೇದಿಕೆಯ ಅಳತೆಯ ಬಗ್ಗೆ.

ಈ ಅಳತೆಯ ವಿಷಯದಲ್ಲಿ ಪಶ್ಚಿಮದ ಬ್ಯಾಲೆಯಿಂದ ನಾವು ಕಲಿಯಬೇಕಾದದ್ದಿದೆ. ಚೈಕೋವ್‌ಸ್ಕಿ ಸಂಗೀತದ 'ನಟ್‌ಕ್ರ್ಯಾಕರ್' ಮೊದಲು ಪ್ರದರ್ಶನಗೊಂಡದ್ದು 1892ರ ಡಿಸೆಂಬರಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಯಿನ್ಸ್‌ಕಿ ರಂಗಮಂದಿರದಲ್ಲಿ. ಅದರ ನಾಯಕಿಯೇ ಒಬ್ಬ ಪುಟ್ಟ ಹುಡುಗಿ. ಆ ಪಾತ್ರವನ್ನು ಅಂದು ಮಾಡಿದ್ದು ಅಲ್ಲಿನ ನೃತ್ಯಶಾಲೆಯ ವಿದ್ಯಾರ್ಥಿನಿ. ಹಬ್ಬದ ಮನೆಗೆ ಬಂದ ಮಕ್ಕಳಾಗಿ, ಆಟಿಕೆಯ ಸಿಪಾಯಿಗಳಾಗಿ ಮಕ್ಕಳೇ ಬರುತ್ತಾರೆ. ನ್ಯೂಯಾರ್ಕಿನಲ್ಲಿ ನೃತ್ಯಸಂಯೋಜಕ ಬಲಾಂಚಿನ್ 1954ರಲ್ಲಿ ಇದನ್ನು ಹೊಸದಾಗಿ ಕಟ್ಟಿದಾಗಲೂ ತಮ್ಮ ಶಾಲೆಯ ಮಕ್ಕಳನ್ನು ವೇದಿಕೆಯ ತುಂಬ ತಂದರು. ದೊಡ್ಡ ಕಲಾವಿದರ ಜೊತೆ ಒಂದೇ ವೇದಿಕೆಯಲ್ಲಿ, ಆದರೆ ಮಕ್ಕಳ ಪಾತ್ರದಲ್ಲಿ, ಮಕ್ಕಳಿಗೆ ಎಟುಕುವ ಹೆಜ್ಜೆಯಲ್ಲಿ. ಬೆರಳ ತುದಿಯ ಮೇಲೆ ನಿಲ್ಲುವ ಆ ಗಟ್ಟಿ ಬೂಟನ್ನು ಒಳ್ಳೆಯ ಶಿಕ್ಷಕರು ಸಾಮಾನ್ಯವಾಗಿ 11-12 ವರ್ಷ ತುಂಬುವ ಮುನ್ನ ತೊಡಿಸುವುದಿಲ್ಲ. ಆಗಲೂ ಕಾಲು, ಕಣಕಾಲು ಬಲಿತಿವೆಯೇ ಎಂದು ನೋಡಿಯೇ. ತಾಯಿ ಅವಸರಪಡಿಸಿದರೂ ಕಾಯಿಸುತ್ತಾರೆ.

ನಮ್ಮ ಭರತನಾಟ್ಯ ಕಛೇರಿಯ ಮಾರ್ಗದ ಕಥೆ ಬೇರೆ. ಅಲರಿಪುವಿನಿಂದ ತಿಲ್ಲಾನದವರೆಗಿನ ಕ್ರಮವನ್ನು 19ನೇ ಶತಮಾನದಲ್ಲಿ ರೂಪಿಸಿದವರು ತಂಜಾವೂರಿನ ನಾಲ್ವರು ಸಹೋದರರು. ಅವರಲ್ಲಿ ಚಿನ್ನಯ್ಯ ನಮ್ಮ ಮೈಸೂರಿನ ಆಸ್ಥಾನಕ್ಕೂ ಬಂದು ಆಶ್ರಯ ಪಡೆದವರು. ಅದು ಒಬ್ಬಳೇ ನರ್ತಕಿ ಇಡೀ ಕಛೇರಿಯನ್ನು ಹೊತ್ತು ನಿಲ್ಲುವ ಕ್ರಮ. ಅದರ ನಡುವಿನ ವರ್ಣವಂತೂ ದೇಹದ ದಮ್ಮನ್ನೂ ಬದುಕಿನ ಅನುಭವವನ್ನೂ ಒಟ್ಟಿಗೆ ಕೇಳುವ ರಚನೆ. ಈ ಕ್ರಮ ಮಕ್ಕಳಿಗೆಂದು ಹುಟ್ಟಿದ್ದೇ ಅಲ್ಲ. ಅದನ್ನು ಚೂರೂ ಕುಗ್ಗಿಸದೆ 12, 13ರ ಮಕ್ಕಳ ಮೇಲೆ ಹೊರಿಸುತ್ತಿದ್ದೇವೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಕಡೂರಿನ ಕಡೆಯ ಲಂಬಾಣಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ನರ್ತಕಿ ಕೆ. ವೆಂಕಟಲಕ್ಷಮ್ಮನವರು ಎಂಟನೆಯ ವಯಸ್ಸಿಗೆ ನಾಟ್ಯಗುರು ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, 12ಕ್ಕೇ ರಂಗಪ್ರವೇಶ ಮಾಡಿದವರಲ್ಲವೇ? ಹೌದು. ಆದರೆ ಅವರಿಗೆ ಅದು ಬಾಳಿನ ವೃತ್ತಿಯ ಮೊದಲ ದಿನ. ಬೆಳಗಾದರೆ ಅದೇ ಸಾಧನೆ, ಸಂಗೀತ, ಸಾಹಿತ್ಯ. ಮೈಸೂರು ಶೈಲಿಯ ಅಭಿನಯಕ್ಕೆ ಅವರ ಹೆಸರು ನಿಂತದ್ದು ಆ 12ರಿಂದಲ್ಲ, ಆಮೇಲಿನ ದಶಕಗಳಿಂದ. ವಾರಕ್ಕೆ ಎರಡು ಗಂಟೆ ಪಾಠ, ನಡುವೆ ಟ್ಯೂಷನ್, ಶಾಲೆಯ ಪರೀಕ್ಷೆ ಇರುವ ಇಂದಿನ ಮಗುವಿಗೆ ಆ ಉದಾಹರಣೆ ಹೊಂದುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ತಂದೆತಾಯಂದಿರು ಹೆಚ್ಚು ನೆನೆಯಬೇಕು. ಭರತನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರನ್ನು ನೃತ್ಯದತ್ತ ಎಳೆದದ್ದು ರಷ್ಯದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ. ರುಕ್ಮಿಣಿದೇವಿ ಮೊದಲು ಕಲಿತದ್ದು ಬ್ಯಾಲೆಯನ್ನೇ. ನಿಮ್ಮ ನಾಡಿನ ನೃತ್ಯದತ್ತ ನೋಡಿ ಎಂದು ಹಿತ ಹೇಳಿದವರೂ ಪಾವ್ಲೋವಾ. 1904ರಲ್ಲಿ ಹುಟ್ಟಿದ ರುಕ್ಮಿಣಿದೇವಿ ಅಡಯಾರಿನಲ್ಲಿ ಭರತನಾಟ್ಯ ಪ್ರದರ್ಶಿಸಿದ್ದು 1935ರಲ್ಲಿ, ಮೂವತ್ತು ದಾಟಿದ ಮೇಲೆ. ಮರುವರ್ಷವೇ ಅವರ ಕಲಾಶಾಲೆ ಕಲಾಕ್ಷೇತ್ರ ಹುಟ್ಟಿತು. ಹೈಸ್ಕೂಲು ಮುಗಿಯುವುದರೊಳಗೆ ರಂಗಪ್ರವೇಶ ಆಗಲೇಬೇಕೆಂಬ ಅವಸರ ಎಲ್ಲಿಂದ ಬಂತು?

ಎಸ್ಸೆಸ್ಸೆಲ್ಸಿಯಿಂದ ಬಂತು. ಹತ್ತನೆಯ ತರಗತಿಗೆ ಮೊದಲು "ಮುಗಿಸಿಬಿಡೋಣ" ಎನ್ನುತ್ತಾರೆ. ನಾನು ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರವೇಶವೆಂಬ ಹೆಸರಿನ ಕಾರ್ಯಕ್ರಮವನ್ನು ಮುಗಿಸಿಬಿಡುತ್ತಾರೆ. ಅದಕ್ಕಾಗಿ ಹಾಲ್ ಬಾಡಿಗೆ, ಪಕ್ಕವಾದ್ಯ, ನಾಲ್ಕು ಬದಲಿ ಡ್ರೆಸ್ಸು, ಒಡವೆ, ಮೇಕಪ್, ವಿಡಿಯೊ, ಬಂದವರಿಗೆಲ್ಲ ಊಟ ಸೇರಿ ಮದುವೆಯ ಖರ್ಚು. ಮಧ್ಯಮವರ್ಗದ ಮನೆಗಳು ಸಾಲ ಮಾಡಿದ್ದೂ ಇದೆ. ಇಷ್ಟು ಹಣ ಇಲ್ಲದ ಮನೆಯ ಮಗು ಎಷ್ಟೇ ಚೆನ್ನಾಗಿ ಕಲಿತಿದ್ದರೂ ತಾನು ಪೂರ್ತಿ ಕಲಿತಿಲ್ಲವೆಂದೇ ತಿಳಿದುಕೊಳ್ಳುತ್ತದೆ. ಈ ಪದ್ಧತಿಯ ಅತಿ ದೊಡ್ಡ ಅನ್ಯಾಯ ಇದು. ನೃತ್ಯದ ಜೂನಿಯರ್, ಸೀನಿಯರ್ ಪರೀಕ್ಷೆಗಳು ಈ ವಿಷಯದಲ್ಲಿ ವಾಸಿ. ಮೆಟ್ಟಿಲು ಸಣ್ಣದು, ಶುಲ್ಕವೂ ಸಣ್ಣದು.

ರಂಗಪ್ರವೇಶದ ಈ ಅವಸರಕ್ಕೆ ಬದಲಿ ನಮ್ಮಲ್ಲಿಯೇ ಇದೆ. ಶಾಲೆಯ ವಾರ್ಷಿಕೋತ್ಸವವೊಂದರಲ್ಲಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನೃತ್ಯರೂಪಕವಾಗಿ ನೋಡಿದೆ. ಇಲಿಗಳನ್ನು ಹೊಳೆಗೆ ಸೆಳೆದೊಯ್ಯುವ ಕಿಂದರಿಜೋಗಿಯಾಗಿ ಒಬ್ಬ ದೊಡ್ಡ ಹುಡುಗಿ. ಅವಳ ಹಿಂದೆ ಇಪ್ಪತ್ತೈದೋ ಮೂವತ್ತೋ ಇಲಿಗಳು, ಬೂದು ಬಣ್ಣದ ಪಂಚೆಯ ಬಾಲ ಕಟ್ಟಿಕೊಂಡು ಕುದಿತ್ತಮೆಟ್ಟಡವು ಹಾಕುತ್ತ ಬಂದವು. ಕೊನೆಯ ಇಲಿ ಐದು ವರ್ಷದ ಹುಡುಗ. ಬಾಲ ಬಿಚ್ಚಿಹೋಯಿತು. ಅವನು ನಿಲ್ಲಲಿಲ್ಲ, ಅಳಲಿಲ್ಲ. ಬಾಲವನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯ ಹಸ್ತ ಬಿಡದೆ, ತಾಳ ತಪ್ಪದೆ ಹೊಳೆಗೆ ಹಾರಿದ. ಅವನ ಮುಖದ ಗಾಂಭೀರ್ಯ ಈಗಲೂ ಕಣ್ಣ ಮುಂದಿದೆ. ಆ ಮಗುವಿಗೆ ಇಲಿಯಾಗುವುದೆಂದರೆ ಏನೆಂದು ಪೂರ್ತಿ ಗೊತ್ತಿತ್ತು. ಅಭಿನಯ ಎಂದರೆ ಅದು. ಪುರಂದರದಾಸರ ಕೃಷ್ಣಲೀಲೆಯ ದೇವರನಾಮಗಳಲ್ಲೂ ಇದೇ ಗುಣವಿದೆ: ಬೆಣ್ಣೆ ಕದ್ದು ಅಮ್ಮನಿಗೆ ಸುಳ್ಳು ಹೇಳುವುದನ್ನು ಯಾವ ಮಗುವಿಗೂ ಕಲಿಸಿಕೊಡಬೇಕಾಗಿಲ್ಲ. ಮಕ್ಕಳ ವೇದಿಕೆಗೆ ನಾನು ಇಡುವ ಒರೆಗಲ್ಲು ಇಷ್ಟೇ: ತಾನು ಮಾಡುತ್ತಿರುವುದು ಮಗುವಿಗೆ ಗೊತ್ತಿದೆಯೇ?

ದೇಹದ ಮಾತನ್ನೂ ಹೇಳಲೇಬೇಕು. ಅರೆಮಂಡಿಯಲ್ಲಿ ತೊಡೆ ಹೊರಳಬೇಕಾದದ್ದು ಸೊಂಟದ ಕೀಲಿನಿಂದ. ಅದು ತೆರೆಯದ ಮಗುವಿನ ಪಾದವನ್ನು ಬಲವಂತವಾಗಿ ಹೊರಗೆ ತಿರುಗಿಸಿದರೆ ತಿರುಚಿಕೊಳ್ಳುವುದು ಮಂಡಿ. ಬ್ಯಾಲೆಯಲ್ಲಿ ಕಾಲಡಿ ಸ್ವಲ್ಪ ಬಳುಕುವ ಮರದ ನೆಲ ಹಾಕುತ್ತಾರೆ. ನಾವು ಕಾಂಕ್ರೀಟಿನ ಮೇಲಿನ ಟೈಲ್ಸ್ ಮೇಲೆ ಬರಿಗಾಲಲ್ಲಿ ತಟ್ಟಿಸುತ್ತೇವೆ. ಮಗು ಹಿಮ್ಮಡಿ ನೋವೆಂದರೆ ಅಭ್ಯಾಸ ಸಾಲದು ಎನ್ನುತ್ತೇವೆ. ಇದು ತಪ್ಪು. ದಪ್ಪಗಿದ್ದಾಳೆಂದು ಹಿಂದಿನ ಸಾಲಿಗೆ ತಳ್ಳುವುದು, ಹುಡುಗರು ಬಂದರೆ "ಹೆಣ್ಣಿನ ಹಾಗೆ" ಎಂದು ನಗುವುದು ಇನ್ನೂ ದೊಡ್ಡ ತಪ್ಪುಗಳು. ಇವೆಲ್ಲ ನೃತ್ಯದ ದೋಷವಲ್ಲ, ಕಲಿಸುವವರ ಮತ್ತು ಕಳಿಸುವವರ ದೋಷ.

ಈ ಜೂನಿನಲ್ಲಿ ಮಗುವನ್ನು ನೃತ್ಯಕ್ಕೆ ಸೇರಿಸಲು ಹೊರಟಿರುವವರಲ್ಲಿ ನನ್ನ ಬಿನ್ನಹ ಇದು. ಸೇರಿಸಿ, ಖಂಡಿತ ಸೇರಿಸಿ, ಗಂಡುಮಕ್ಕಳನ್ನೂ ಸೇರಿಸಿ. ಸೇರಿಸುವ ಮೊದಲು ಒಂದು ಗಂಟೆ ಪಾಠದಲ್ಲಿ ಕೂತು ನೋಡಿ. ನೆಲ ಹೇಗಿದೆ ನೋಡಿ. ತಪ್ಪಿದ ಮಗುವಿಗೆ ಗುರುಗಳು ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳೂ ಒಟ್ಟಿಗೆ ವೇದಿಕೆಗೆ ಬರುತ್ತಾರೆಯೇ ಎಂದು ವಿಚಾರಿಸಿ. ರಂಗಪ್ರವೇಶ ಯಾವಾಗ ಎಂಬ ಪ್ರಶ್ನೆಯನ್ನು ನೀವಾಗಿ ಕೇಳಬೇಡಿ. ಮುಂದೊಂದು ದಿನ ಬೇಕೆನಿಸಿದರೆ ಅದನ್ನು ಮಗಳೇ ಕೇಳುತ್ತಾಳೆ.