ಧರ್ಮಪಿತನ ಉತ್ತರಗಳು: ‘ದಿ ಗಾಡ್‌ಫಾದರ್’ ಚಿತ್ರದ ಜ್ಞಾನಸ್ನಾನ ಪ್ರಸಂಗ

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶನದ ‘ದಿ ಗಾಡ್‌ಫಾದರ್’ (1972) ಚಿತ್ರದ ಜ್ಞಾನಸ್ನಾನ ಪ್ರಸಂಗವನ್ನು ಕುರಿತ ವಿಮರ್ಶೆಗಳು ಸಾಮಾನ್ಯವಾಗಿ ಅದರ ವ್ಯಂಗ್ಯವನ್ನು ಎತ್ತಿ ಹೇಳುತ್ತವೆ. ಮೈಕೆಲ್ ಕಾರ್ಲಿಯೋನೆ ಚರ್ಚಿನಲ್ಲಿ ತಂಗಿ ಕಾನಿಯ ಮಗುವಿಗೆ ಧರ್ಮಪಿತನಾಗಿ ನಿಂತು ಸೈತಾನನನ್ನು ತ್ಯಜಿಸುತ್ತಾನೆ. ಅದೇ ಹೊತ್ತಿಗೆ ಅವನ ಆಜ್ಞೆಯಂತೆ ಐವರು ವೈರಿಗಳ ಹತ್ಯೆಯಾಗುತ್ತದೆ. ಈ ವೈರುಧ್ಯ ಯಾರ ಕಣ್ಣಿಗಾದರೂ ಬೀಳುವಂಥದು. ಆದರೆ ಪ್ರಸಂಗದ ಶಕ್ತಿ ಇರುವುದು ವೈರುಧ್ಯಕ್ಕಿಂತ ಹೆಚ್ಚಾಗಿ ಎರಡು ಕ್ರಿಯೆಗಳ ಒಳರಚನೆಯ ಸಾಮ್ಯದಲ್ಲಿ.

ಶಿಶುವಿನ ಜ್ಞಾನಸ್ನಾನವು ಪ್ರಾತಿನಿಧ್ಯವನ್ನು ಆಧರಿಸಿದ ಆಚರಣೆ. ಮಾತು ಬಾರದ ಕೂಸನ್ನು ಗುರು ಪ್ರಶ್ನಿಸುತ್ತಾನೆ; ಕೂಸಿನ ಪರವಾಗಿ ಧರ್ಮಪಿತ ಉತ್ತರಿಸುತ್ತಾನೆ. ಅದು ಕೂಸಿನದೇ ಉತ್ತರವೆಂದು ಸಮುದಾಯ ಒಪ್ಪುತ್ತದೆ. ಹತ್ಯೆಗಳೂ ಹೀಗೆಯೇ. ಕ್ಲೆಮೆಂಜಾ, ಪೊಲೀಸ್ ವೇಷದ ಆಲ್ ನೇರಿ ಮೊದಲಾದವರು ಗುಂಡು ಹಾರಿಸುತ್ತಾರೆ, ಕೃತ್ಯ ಮೈಕೆಲನದು. ಒಳಗೆ ಇನ್ನೊಬ್ಬನ ಪರವಾಗಿ ನುಡಿಯುವವನಿಗಾಗಿ ಹೊರಗೆ ಇತರರು ಕೊಲ್ಲುತ್ತಾರೆ. ಮಗುವಿನ ಹೆಸರೂ ಮೈಕೆಲ್ ಎಂಬುದು ಇಲ್ಲಿ ಬಹುಮುಖ್ಯ. ಗುರು ಆ ಹೆಸರು ಹಿಡಿದು ಕೇಳಿದ ಪ್ರಶ್ನೆ ಇಬ್ಬರಿಗೂ ತಗಲುತ್ತದೆ. ಒಂದೇ ಉತ್ತರ ಮಗುವಿನ ಮಟ್ಟಿಗೆ ನಿಜ, ದೊಡ್ಡವನ ಮಟ್ಟಿಗೆ ಸುಳ್ಳು.

ಸಾಂಪ್ರದಾಯಿಕ ರೋಮನ್ ವಿಧಿಯಲ್ಲಿ ಸೈತಾನನ ತ್ಯಜನೆ ಮೊದಲು, ವಿಶ್ವಾಸದ ಪ್ರಶ್ನೆಗಳು ಅನಂತರ. ಚಿತ್ರವು ಈ ಕ್ರಮವನ್ನು ತಿರುವುಮುರುವಾಗಿಸಿದೆ. ವಿಶ್ವಾಸದ ಪ್ರಶ್ನೆಗಳು ಕೊಲೆಗಾರರ ಸಿದ್ಧತೆಯ ನಡುವೆ ಮುಗಿದು, ತ್ಯಜನೆಯ ಪ್ರಶ್ನೆಗೂ ಉತ್ತರಕ್ಕೂ ನಡುವಣ ಮೌನದಲ್ಲಿ ಗುಂಡುಗಳು ಸಿಡಿಯುತ್ತವೆ. ಆಚರಣೆಯನ್ನು ಬಲ್ಲ ಪ್ರೇಕ್ಷಕನಿಗೆ ಇದು ಲೋಪವಾಗಿ ಕಂಡರೂ ನಾಟಕೀಯವಾಗಿ ಸರಿಯಾದ ಆಯ್ಕೆ. ಸಂಕಲನಕಾರರಾದ ವಿಲಿಯಂ ರೆನಾಲ್ಡ್ಸ್ ಮತ್ತು ಪೀಟರ್ ಜಿನ್ನರ್ ಕೈಗಳ ಚಲನೆಯನ್ನೇ ಕೊಂಡಿಯಾಗಿಸಿದ್ದಾರೆ: ಮಗುವಿನ ಮುಖ ಮುಟ್ಟುವ ಗುರುವಿನ ಬೆರಳು, ಕ್ಷೌರದಂಗಡಿಯಲ್ಲಿ ನೊರೆ ಹಚ್ಚುವ ಕೈ, ಬಂದೂಕು ಜೋಡಿಸುವ ಕೈ. ಆರ್ಗನ್ ವಾದ್ಯದ ನಾದವೂ ಮಗುವಿನ ಅಳುವೂ ಚರ್ಚಿನ ಗೋಡೆ ದಾಟಿ ಕೊಲೆಯ ತಾಣಗಳಿಗೆ ಹರಿಯುತ್ತವೆ. ಹೀಗಾಗಿ ಕೊಲೆಗಳೂ ವಿಧಿಯ ಅಂಗಗಳಂತೆ ತೋರುತ್ತವೆ.

ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಗುರುತಿಸಿದ ಸಂಕ್ರಮಣ ಆಚರಣೆಯ ಚೌಕಟ್ಟಿಗೆ ಈ ಪ್ರಸಂಗ ಸುಲಭವಾಗಿ ಒಗ್ಗುತ್ತದೆ. ಆದರೆ ಅಲ್ಲಿಗೆ ನಿಂತರೆ ವಿಶ್ಲೇಷಣೆ ಅರ್ಧವಾದೀತು. ಕನ್ನಡ ಪತ್ರಿಕೆಗಳಲ್ಲಿ ‘ಗಾಡ್‌ಫಾದರ್’ ಎಂದರೆ ಬೆನ್ನಿಗೆ ನಿಂತ ಪ್ರಭಾವಿ ಎಂದಷ್ಟೇ ಅರ್ಥ. ಸಿಸಿಲಿಯ ಜನಪದದಲ್ಲಿ ಧರ್ಮಪಿತನಿಗೆ ಮಗುವಿನೊಡನೆ ಮಾತ್ರವಲ್ಲದೆ ಮಗುವಿನ ತಂದೆಯೊಡನೆಯೂ ನಂಟು ಬೆಳೆಯುತ್ತದೆ. ಸ್ನಾನಿಕ ಯೋಹಾನನ ಹೆಸರಿನ ಈ ನಂಟಿನಲ್ಲಿ ಇಬ್ಬರೂ ಪರಸ್ಪರ ‘ಕಂಪಾರೆ’ಗಳು. ಈ ಮಗುವಿನ ತಂದೆ ಕಾರ್ಲೋ. ಮೈಕೆಲನ ಅಣ್ಣ ಸನ್ನಿಯನ್ನು ಶತ್ರುಗಳಿಗೆ ಒಪ್ಪಿಸಿದವನು.

ಐವರ ಹತ್ಯೆ ವೈರದ ನಿಯಮದೊಳಗಿನದು. ನಿಯಮ ಮುರಿಯುವುದು ಅನಂತರ, ಸಂಗೀತವೂ ಆಡಂಬರವೂ ಇಲ್ಲದ ಒಂದು ಕೋಣೆಯಲ್ಲಿ. ನಿನ್ನ ಮಗನಿಗೆ ನಾನು ಧರ್ಮಪಿತನಲ್ಲವೇ ಎಂದು ಮೈಕೆಲ್ ಕಾರ್ಲೋನ ಭಯ ಕಳೆಯುತ್ತಾನೆ, ತಪ್ಪೊಪ್ಪಿಗೆ ಪಡೆಯುತ್ತಾನೆ, ಕಾರಿಗೆ ಹತ್ತಿಸುತ್ತಾನೆ. ಹಿಂದಿನ ಆಸನದಲ್ಲಿದ್ದ ಕ್ಲೆಮೆಂಜಾ ಅವನ ಕುತ್ತಿಗೆ ಬಿಗಿಯುತ್ತಾನೆ. ಆಚರಣೆಯಿಂದ ಹುಟ್ಟಿದ ನಂಟೇ ಇಲ್ಲಿ ಬಲೆ. ಜ್ಞಾನಸ್ನಾನ ಪ್ರಸಂಗವನ್ನು ಬಿಡಿಯಾಗಿ ನೋಡುವ ವಿಮರ್ಶೆಗೆ ಈ ಅಂಶ ದಕ್ಕದು. ಚಿತ್ರದೊಳಗೆ ಇದನ್ನು ಹೆಸರಿಟ್ಟು ಹೇಳುವವಳು ಕಾನಿ ಒಬ್ಬಳೇ: ತನ್ನ ಗಂಡನನ್ನು ಕೊಂದವನು ತನ್ನ ಮಗುವಿಗೆ ಧರ್ಮಪಿತನಾಗಿ ನಿಂತನೆಂದು ಚೀರುತ್ತಾಳೆ. ಅವಳಿಗೆ ಚಿತ್ತ ಕೆಟ್ಟಿದೆ ಎನ್ನುವ ಮೈಕೆಲ್, ಮಹಡಿಗೆ ಕರೆದೊಯ್ದು ವೈದ್ಯರನ್ನು ಕರೆಸುವಂತೆ ಆಜ್ಞಾಪಿಸುತ್ತಾನೆ.