ಕಾಲ್ಚೆಂಡಿನ ಕನ್ನಡ: ಎಳೆಯರ ಕ್ರೀಡಾಪತ್ರಿಕೆಯ ಗದ್ಯಶೈಲಿ

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಶಿಶುಗೀತೆ, ಕಥೆ ಮತ್ತು ನಾಟಕಗಳ ಸುತ್ತಲೇ ಬೆಳೆದಿದೆ. ಆಟವನ್ನು ಕುರಿತ ಗದ್ಯ ಅದರ ಪರಿಶೀಲನೆಗೆ ಒಳಗಾದದ್ದು ಕಡಿಮೆ. ಎಳೆಯ ಓದುಗರಲ್ಲಿ ಅನೇಕರಿಗೆ ದಿನಪತ್ರಿಕೆಯ ಪರಿಚಯವಾಗುವುದೇ ಕ್ರೀಡಾಪುಟದ ಮೂಲಕ. ಆದುದರಿಂದ ಅವರಿಗಾಗಿ ಫುಟ್‌ಬಾಲ್ ಪತ್ರಿಕೆಯೊಂದನ್ನು ಯೋಜಿಸುವಾಗ ಅದರ ಶೈಲಿ ಹೇಗಿರಬೇಕೆಂಬುದು ಸಂಪಾದಕರ ಅನುಕೂಲಕ್ಕೆ ಬಿಟ್ಟ ಸಂಗತಿಯಲ್ಲ. ಅದು ಕನ್ನಡ ಗದ್ಯದ ಶಕ್ತಿಯನ್ನು ಕುರಿತ ಪ್ರಶ್ನೆ.

ಶೈಲಿಯ ನಿರ್ಣಯಕ್ಕೆ ಮೊದಲು ಓದುಗರ ನಿರ್ಣಯವಾಗಬೇಕು. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ, ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿರುವ ಗೌತಮಪುರದಲ್ಲಿ ಬೆಳೆದ ಮಗುವಿಗೆ ಈ ಆಟ ಬೀದಿಯ ಅನುಭವ. ಅಂಥ ಮಗುವಿಗೆ ಪತ್ರಿಕೆ ಕಂಡದ್ದನ್ನು ನೆನಪಿಸಿದರೆ ಸಾಕು. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನ ಓದುಗರ ಸ್ಥಿತಿ ಬೇರೆ. ಕಂಠೀರವ ಕ್ರೀಡಾಂಗಣ ಅಲ್ಲಿಂದ 200 ಕಿಲೋಮೀಟರಿಗೂ ದೂರ. ಮೊಬೈಲಿನ ತೆರೆ ಗೋಲನ್ನು ತೋರಿಸಬಹುದು. ಆ ಗೋಲು ಹೇಗೆ ರೂಪುಗೊಂಡಿತೆಂಬುದನ್ನು ಮಾತೇ ತಿಳಿಸಬೇಕು. ಪತ್ರಿಕೆಯ ಶೈಲಿಗೆ ಈ ಎರಡನೆಯ ಓದುಗರೇ ಅಳತೆಗೋಲಾಗಬೇಕು. ಅವರಿಗೆ ತಿಳಿಯುವಂತೆ ಬರೆದುದು ನಗರದ ಓದುಗರಿಗೂ ತಿಳಿಯುತ್ತದೆ. ಇದರ ವಿಪರ್ಯಯ ನಿಜವಲ್ಲ.

ಕನ್ನಡದ ಕ್ರೀಡಾಪುಟಗಳು ರೂಢಿಸಿಕೊಂಡ ಭಾಷೆ ಈ ಕಾರ್ಯಕ್ಕೆ ಎಷ್ಟು ಒದಗುತ್ತದೆ? ‘ಮಣಿಸಿತು’, ‘ಸದೆಬಡಿಯಿತು’, ‘ಧೂಳೀಪಟ ಮಾಡಿತು’, ‘ಮುಗ್ಗರಿಸಿತು’, ‘ಶರಣಾಯಿತು’ ಎಂಬ ಕ್ರಿಯಾಪದಗಳು ಶೀರ್ಷಿಕೆಗೆ ಬಿಗಿ ತಂದಿವೆ, ನಿಜ. ಆದರೆ ಇವೆಲ್ಲ ಫಲಿತಾಂಶದ ಕ್ರಿಯಾಪದಗಳು. ಗೆದ್ದವರು ಯಾರು, ಅಂತರವೆಷ್ಟು ಎಂಬುದನ್ನು ಹೇಳುತ್ತವೆಯೇ ಹೊರತು ಚೆಂಡು ಯಾವ ಕಾಲಿನಿಂದ ಯಾವ ಕಾಲಿಗೆ ಸಾಗಿತೆಂಬುದನ್ನಲ್ಲ. ಯುದ್ಧದ ಈ ರೂಪಕ ಆಟವನ್ನು ಗೆಲುವು ಸೋಲುಗಳಿಗೆ ಇಳಿಸುತ್ತದೆ. ಸೋತ ತಂಡದ ಒಳ್ಳೆಯ ಆಟಕ್ಕೆ ಅದರಲ್ಲಿ ಪದವೇ ಇಲ್ಲ.

ಆಟದ ಚಲನೆಯನ್ನು ಹಿಡಿಯುವ ಸಾಮರ್ಥ್ಯ ಕನ್ನಡ ವಾಕ್ಯದಲ್ಲಿಯೇ ಇದೆ. ‘ಬಲ ಅಂಚಿನಲ್ಲಿ ಓಡಿ ಬಂದು, ಎದುರಾಳಿಯನ್ನು ದಾಟಿ, ತಲೆಯೆತ್ತಿ ನೋಡಿ, ಚೆಂಡನ್ನು ನಡುವಿಗೆ ತಳ್ಳಿದ’ ಎಂಬಲ್ಲಿ ಕೃದಂತಗಳ ಸರಣಿ ಆಟಗಾರನ ಓಟದ ಲಯವನ್ನೇ ಅನುಸರಿಸುತ್ತದೆ. ಆದರೆ ಇಂಥ ಸರಣಿ ಸಾಮಾನ್ಯವಾಗಿ ಒಬ್ಬನೇ ಕರ್ತೃವನ್ನು ಬೇಡುತ್ತದೆ. ‘ಒಬ್ಬನು ತಳ್ಳಿ, ಇನ್ನೊಬ್ಬನು ತಡೆದು, ಮೂರನೆಯವನು ಒದ್ದು ಗೋಲಾಯಿತು’ ಎಂದರೆ ವಾಕ್ಯ ಮುಗ್ಗರಿಸುತ್ತದೆ. ಯಾರು ಏನು ಮಾಡಿದರೆಂಬುದು ಕಲಸಿಹೋಗುತ್ತದೆ. ಚೆಂಡು ಒಬ್ಬನ ಕಾಲನ್ನು ಬಿಟ್ಟಾಗ ವಾಕ್ಯವೂ ಮುಗಿಯಬೇಕೆಂಬುದು ಪಂದ್ಯವರ್ಣನೆಗೆ ಒಪ್ಪುವ ಮೊದಲ ನಿಯಮ. ಇದು ಮಕ್ಕಳಿಗಾಗಿ ಮಾಡಿಕೊಂಡ ರಿಯಾಯಿತಿಯಲ್ಲ. ಕನ್ನಡದ ವ್ಯಾಕರಣವೂ ಆಟದ ಸ್ವರೂಪವೂ ಕೂಡಿ ವಿಧಿಸುವ ಶಿಸ್ತು.

ಎರಡನೆಯ ಸಮಸ್ಯೆ ಪರಿಭಾಷೆಯದು. ‘ಚೆಂಡು’, ‘ಒದೆ’, ‘ಗೆರೆ’, ‘ಅಂಚು’ ಎಂಬ ಪದಗಳು ಕೈಗೆಟುಕುವಲ್ಲಿಯೇ ಇವೆ. ‘ಗೋಲು’ ಉಕಾರ ಪಡೆದು ಕನ್ನಡವಾಗಿಹೋಗಿದೆ. ‘ಆಫ್‌ಸೈಡ್’, ‘ಪೆನಾಲ್ಟಿ’ಗಳಿಗೆ ಸಂಸ್ಕೃತದಿಂದ ಹೊಸ ಪದ ಕಟ್ಟಿದರೆ ಮಗು ಎರಡು ಅಪರಿಚಿತ ಪದಗಳನ್ನು ಕಲಿಯಬೇಕಾಗುತ್ತದೆ. ಕಷ್ಟವಿರುವುದು ಪದದಲ್ಲಲ್ಲ, ವಿವರಣೆಯಲ್ಲಿ. ಆಟದ 17 ನಿಯಮಗಳಲ್ಲಿ 11ನೆಯದಾದ ಆಫ್‌ಸೈಡನ್ನು ನಿಯಮಪುಸ್ತಕದ ಕ್ರಮದಲ್ಲಿ ಒಂದೇ ವಾಕ್ಯಕ್ಕೆ ತುಂಬಿದರೆ ಅದು ಯಾರಿಗೂ ತಿಳಿಯದು. ಮೊದಲು ಕಾರಣ ಬರಬೇಕು: ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲುವುದನ್ನು ಈ ನಿಯಮ ತಡೆಯುತ್ತದೆ. ಬಳಿಕ ಕ್ಷಣ: ಸಂಗಡಿಗನು ಚೆಂಡನ್ನು ಒದೆಯುವ ಹೊತ್ತು. ಅನಂತರ ನೆಲೆ: ಆಟಗಾರನು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಹತ್ತಿರವಿರುವುದು. ಕೊನೆಗೆ ಎಚ್ಚರಿಕೆ: ಹಾಗೆ ನಿಂತ ಮಾತ್ರಕ್ಕೆ ತಪ್ಪಲ್ಲ, ಅಲ್ಲಿಂದ ಆಟದಲ್ಲಿ ತೊಡಗಿದರೆ ತಪ್ಪು. ಅಳತೆಗಳಿಗೂ ಇದೇ ನ್ಯಾಯ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್ ಎಂದರೆ ಬರಿಯ ಅಂಕಿ. 24 ಅಡಿ, 8 ಅಡಿ ಎಂದರೆ ಶಾಲೆಯ ಅಂಗಳದಲ್ಲಿಯೇ ಅಳೆದು ನೋಡಬಹುದು.

ಮೂರನೆಯ ಪ್ರಶ್ನೆ ಸತ್ಯದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತು. ಬಹುಮಂದಿ ಆಟಗಾರರು ಬರಿಗಾಲಿನಲ್ಲಿ ಆಡಿದರು. ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಈ ಕಥನದಲ್ಲಿ ಬರಿಗಾಲಿನ ವೀರಗಾಥೆಗೆ ಸಿಗುವ ಒತ್ತು, ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತೆಂಬ ಸಂಗತಿಗೆ ಸಿಗುವುದಿಲ್ಲ. 1950ರ ವಿಶ್ವಕಪ್‌ಗೆ ಭಾರತ ಹೋಗದಿರಲು ಬರಿಗಾಲೇ ಕಾರಣವೆಂಬ ಜನಪ್ರಿಯ ಕಥೆಯನ್ನೂ ಇತಿಹಾಸಕಾರರು ಒಪ್ಪುವುದಿಲ್ಲ. ಅಂದಿನ ಆಡಳಿತಗಾರರು ಒಲಿಂಪಿಕ್ಸ್‌ಗೆ ಕೊಟ್ಟ ಮಹತ್ವವನ್ನು ವಿಶ್ವಕಪ್‌ಗೆ ಕೊಡಲಿಲ್ಲವೆಂಬುದು ಅವರು ಮುಂದಿಡುವ ಮುಖ್ಯ ಕಾರಣಗಳಲ್ಲೊಂದು. ಎಳೆಯರಿಗೆ ದಂತಕಥೆಯನ್ನು ದಂತಕಥೆಯೆಂದೇ ಹೇಳುವುದು ಶೈಲಿಯ ಪ್ರಾಮಾಣಿಕತೆ. ಹಾಗೆ ಹೇಳಿದಾಗ 1968–69ರಲ್ಲಿ ಮೈಸೂರು ರಾಜ್ಯ ಗೆದ್ದಿದ್ದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ಬಳಿಕ, 2023ರಲ್ಲಿ, ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಮರಳಿ ಪಡೆದದ್ದು ಉತ್ಪ್ರೇಕ್ಷೆಯ ನೆರವಿಲ್ಲದೆಯೇ ರೋಮಾಂಚನ ತರುತ್ತದೆ.

ಇದಕ್ಕೆ ಪೂರ್ವಾದರ್ಶಗಳಿಲ್ಲದಿಲ್ಲ. 1930ರ ದಶಕದಲ್ಲಿಯೇ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳಲ್ಲಿ ಲೋಕದ ವಿಷಯಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಬಂಗಾಳಿಯಲ್ಲಿ ಕ್ರೀಡಾ ಪತ್ರಕರ್ತ ಮೋತಿ ನಂದಿ ಅವರು ‘ಸ್ಟ್ರೈಕರ್’, ‘ಸ್ಟಾಪರ್’ ಕಾದಂಬರಿಗಳ ಮೂಲಕ ಫುಟ್‌ಬಾಲ್ ಮೈದಾನವನ್ನು ಸಾಹಿತ್ಯದೊಳಗೆ ತಂದರು. ಮೊದಲನೆಯದರ ವಿಶದತೆ, ಎರಡನೆಯದರ ಮಾನವೀಯ ಆಸಕ್ತಿ ಇವೆರಡೂ ಕನ್ನಡದ ಕ್ರೀಡಾಗದ್ಯದಲ್ಲಿ ಒಂದಾಗಬೇಕಾಗಿದೆ. ಹಾಗಾಗದಿದ್ದರೆ ಆಟದ ಒಳಗನ್ನು ತಿಳಿಯಲು ಗೆಂಡೆಹಳ್ಳಿಯ ಬಾಲಕ ಬಾಲಕಿಯರು ಇಂಗ್ಲಿಷಿಗೆ ಹೋಗಬೇಕಾಗುತ್ತದೆ. ಕನ್ನಡ ಅವರ ಪಾಲಿಗೆ ಅಂಕಪಟ್ಟಿಯ ಭಾಷೆಯಾಗಿ ಉಳಿಯುತ್ತದೆ. ಎಳೆಯರ ಫುಟ್‌ಬಾಲ್ ಪತ್ರಿಕೆಯ ಶೈಲಿಯನ್ನು ಕುರಿತ ಚಿಂತನೆಯ ಮಹತ್ವವಿರುವುದು ಇಲ್ಲಿಯೇ.