ಕರ್ಮಪದವಿಲ್ಲದ ಕ್ಷಮಾಯಾಚನೆ

1998ರ ಆಗಸ್ಟ್ ತಿಂಗಳಿನಲ್ಲಿ, ಅಮೆರಿಕದ ಜನಸಮೂಹವೆಲ್ಲ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಮಾರ್ಕ್ ಮೆಕ್‌ಗ್ವಾಯರ್ ಅವರ ದಾಂಡಿನ ಮೇಲೆ ಕಣ್ಣಿಟ್ಟು ಕುಳಿತಿದ್ದ ಕಾಲದಲ್ಲಿ, ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ವರದಿಗಾರ ಸ್ಟೀವ್ ವಿಲ್‌ಸ್ಟೀನ್ ಆ ಆಟಗಾರರ ಲಾಕರಿನ ಮೇಲಂತಸ್ತಿನಲ್ಲಿ, ಪಾಲಕ್ ಸೊಪ್ಪಿನ ಡಬ್ಬಿಯೊಂದರ ಮತ್ತು ಚೂಯಿಂಗ್ ಗಮ್ಮಿನ ಪೊಟ್ಟಣಗಳ ಪಕ್ಕದಲ್ಲಿ, ಒಂದು ಕಂದುಬಣ್ಣದ ಸೀಸೆಯನ್ನು ಕಂಡರು. ಸೀಸೆಯ ಮೇಲೆ ಆಂಡ್ರೊಸ್ಟೆನಿಡಯೋನ್ ಎಂದು ಬರೆದಿತ್ತು. ದೇಹದೊಳಗೆ ಸೇರಿ ಪುರುಷಹಾರ್ಮೋನಾಗಿ ಪರಿಣಮಿಸುವ ಆ ಪದಾರ್ಥವನ್ನು ಒಲಿಂಪಿಕ್ ಸಮಿತಿಯೂ ಅಮೆರಿಕದ ಫುಟ್‌ಬಾಲ್ ಲೀಗೂ ಅದಾಗಲೇ ನಿಷೇಧಿಸಿದ್ದವು; ಬೇಸ್‌ಬಾಲ್ ನಿಷೇಧಿಸಿರಲಿಲ್ಲ; ಅಂಗಡಿಗಳಲ್ಲಿ ಅದು ವೈದ್ಯರ ಚೀಟಿಯಿಲ್ಲದೆಯೇ ದೊರೆಯುತ್ತಿದ್ದಿತು. ಸೀಸೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಆ ಕೋಣೆಯೊಳಗೆ ದಿನವೂ ಹೋಗಿಬರುತ್ತಿದ್ದವರು ಅನೇಕರು. ಕಂಡದ್ದನ್ನು ಬರೆದವರು ಒಬ್ಬರು. ಹಾಗೆ ಬರೆದ ಮೇಲೆ ತಂಡದ ವ್ಯವಸ್ಥಾಪಕರಾದ ಟೋನಿ ಲಾ ರೂಸಾ ಕೋಪಿಸಿಕೊಂಡದ್ದು ವರದಿಗಾರನ ಮೇಲೆ.

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟಗಾರರು ಉದ್ದೀಪನ ಮದ್ದಿನ ವಿಷಯದಲ್ಲಿ ಸುಮಾರು ಎರಡು ದಶಕಗಳ ಕಾಲ ಪರಿಪಾಲಿಸಿಕೊಂಡು ಬಂದ ಮೌನವನ್ನು ಒಂದು ಆಚಾರವೆಂದೇ ಪರಿಗಣಿಸಿ ಅದರ ಗುಣದೋಷಗಳನ್ನು ತೂಗಿ ನೋಡಬೇಕೆಂಬುದು ಈ ಬರೆಹದ ಉದ್ದೇಶ. ಮುನಿಯ ಭಾವವೇ ಮೌನವೆಂದು ನಮ್ಮ ಶಬ್ದಶಾಸ್ತ್ರ ಹೇಳುತ್ತದೆ. ಮಾತಿಗಿಂತ ಉನ್ನತವಾದುದೊಂದನ್ನು ಕಂಡವನು ಮಾತನ್ನು ಬಿಟ್ಟುಕೊಡುವುದು ಅದರ ಮೂಲಾರ್ಥ. ಆಟದ ಕೋಣೆಯ ಮೌನಕ್ಕೆ ಆ ಗೌರವ ಸಲ್ಲದು. ಆದರೂ ಅದನ್ನು ಕೇವಲ ಹೇಡಿತನವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು; ಏಕೆಂದರೆ ಅದಕ್ಕೊಂದು ವಂಶಾವಳಿಯುಂಟು, ಒಳನಿಷ್ಠೆಯುಂಟು, ತನ್ನದೇ ಆದ ಒಂದು ಧರ್ಮಭ್ರಾಂತಿಯೂ ಉಂಟು.

ಆ ವಂಶಾವಳಿಯ ಮೊದಲಿನಲ್ಲಿ ಮೌನವೇ ಇರಲಿಲ್ಲವೆಂಬುದು ಕುತೂಹಲದ ಸಂಗತಿ. 1889ರಲ್ಲಿ ಪಿಟ್ಸ್‌ಬರ್ಗ್ ತಂಡದ ಪಡ್ ಗ್ಯಾಲ್ವಿನ್ ಎಂಬ ಚೆಂಡೆಸೆಗಾರರು ಪ್ರಾಣಿಗಳ ವೃಷಣದಿಂದ ತೆಗೆದ ಸತ್ತ್ವವೊಂದನ್ನು ಮೈಗೆ ಚುಚ್ಚಿಸಿಕೊಂಡು ಆಡಿದಾಗ, ಪತ್ರಿಕೆಗಳು ಅದನ್ನು ಒಂದು ಹೊಸ ರಸಾಯನದ ವಿಜಯವೆಂದು ಬಹಿರಂಗವಾಗಿ ಕೊಂಡಾಡಿದವು. ನಾಚಿಕೆ ಹುಟ್ಟುವವರೆಗೆ ಗುಟ್ಟಿಗೆ ಅವಕಾಶವಿಲ್ಲ. ಅನಂತರದ ಕಾಲದಲ್ಲಿ, ಕ್ಲಬ್ ಹೌಸ್ ಎಂದು ಕರೆಯುವ ಉಡುಪುಕೋಣೆಯೊಳಗೆ ಕಂಡದ್ದು ಕೇಳಿದ್ದು ಅಲ್ಲಿಯೇ ಉಳಿಯತಕ್ಕದ್ದೆಂಬ ನಿಯಮ ಆಟಗಾರರ ನಡುವೆ ಬೇರೂರಿತು. ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತ, ಊರಿಂದೂರಿಗೆ ಅಲೆಯುತ್ತ, ಮನೆಯವರಿಗಿಂತ ಹೆಚ್ಚು ಹೊತ್ತು ಪರಸ್ಪರರೊಡನೆ ಕಳೆಯುತ್ತಿದ್ದ ಇಪ್ಪತ್ತೈದು ಮಂದಿಗೆ ಇಂತಹ ಒಂದು ನಿಯಮ ಅವಶ್ಯವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 1970ರಲ್ಲಿ ಜಿಮ್ ಬೌಟನ್ ತಮ್ಮ ‘ಬಾಲ್ ಫೋರ್’ ಗ್ರಂಥದಲ್ಲಿ ಆ ನಿಯಮವನ್ನು ಮುರಿದು, ಆಟಗಾರರು ನುಂಗುತ್ತಿದ್ದ ಆಂಫೆಟಮೀನ್ ಗುಳಿಗೆಗಳ ಕಥೆಯನ್ನೂ ಅದರೊಡನೆ ಹೊರಗೆಡಹಿದಾಗ, ಆಟದ ಅಧಿಪತಿಯಾದ ಆಯುಕ್ತ ಬೋವಿ ಕುಹ್ನ್ ಬೌಟನ್‌ರನ್ನು ಕರೆಸಿ, ಬರೆದದ್ದು ಸುಳ್ಳೆಂದು ಒಪ್ಪಿಕೊಳ್ಳುವಂತೆ ಒತ್ತಾಯಪಡಿಸಿದರು. ಬೌಟನ್ ಒಪ್ಪಲಿಲ್ಲ. ಆ ಗುಳಿಗೆಗಳು ಬೇಸ್‌ಬಾಲಿನಲ್ಲಿ ಪರೀಕ್ಷೆಗೂ ಶಿಕ್ಷೆಗೂ ಒಳಪಟ್ಟದ್ದು 2006ರಲ್ಲಿ, ಪುಸ್ತಕ ಬಂದ ಮೂವತ್ತಾರು ವರ್ಷಗಳ ಮೇಲೆ.

ಮೌನವನ್ನು ಆಟಗಾರರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. 1991ರಲ್ಲಿಯೇ ಆಯುಕ್ತ ಫೇ ವಿನ್ಸೆಂಟ್ ಸ್ಟೀರಾಯ್ಡುಗಳು ನಿಷಿದ್ಧವೆಂದು ಎಲ್ಲ ತಂಡಗಳಿಗೂ ಸುತ್ತೋಲೆ ಕಳುಹಿಸಿದ್ದರು. ಆದರೆ ಪರೀಕ್ಷೆಯಿಲ್ಲದ ನಿಷೇಧ ಕಾಗದದ ಮೇಲಿನ ಮಸಿಯಾಗಿಯೇ ಉಳಿಯಿತು. 1994ರ ಆಗಸ್ಟಿನಲ್ಲಿ ಆಟಗಾರರ ಮುಷ್ಕರದಿಂದ ಆಟ ನಿಂತು, 1904ರ ತರುವಾಯ ಮೊದಲ ಬಾರಿಗೆ ವಿಶ್ವ ಸರಣಿಯೇ ನಡೆಯದೆ ಹೋಗಿ, ಮುನಿಸಿಕೊಂಡ ಪ್ರೇಕ್ಷಕರು ಕ್ರೀಡಾಂಗಣಗಳಿಗೆ ಬೆನ್ನು ತಿರುಗಿಸಿದ್ದರು. ಅವರನ್ನು ಮರಳಿ ಕರೆತಂದದ್ದು 1998ರ ಹೋಮ್ ರನ್‌ಗಳು. ಹೋಮ್ ರನ್ ಎಂದರೆ, ನಮ್ಮ ಕ್ರಿಕೆಟ್ಟಿನ ಸಿಕ್ಸರಿನಂತೆ, ಚೆಂಡನ್ನು ಅಂಗಣದಾಚೆಗೆ ಅಟ್ಟುವ ಹೊಡೆತ. ಅದು ಸಿಕ್ಸರಿಗಿಂತ ಬಹಳ ದುರ್ಲಭವಾದದ್ದು. ರೋಜರ್ ಮ್ಯಾರಿಸ್ 1961ರಲ್ಲಿ ಒಂದೇ ಋತುವಿನಲ್ಲಿ ಹೊಡೆದ 61ರ ದಾಖಲೆ ಮೂವತ್ತೇಳು ವರ್ಷ ಅಲುಗದೆ ನಿಂತಿತ್ತು. 1998ರ ಆ ಒಂದು ಬೇಸಗೆಯಲ್ಲಿ ಮೆಕ್‌ಗ್ವಾಯರ್ 70, ಶಿಕಾಗೋ ಕಬ್ಸ್ ತಂಡದ ಸ್ಯಾಮಿ ಸೋಸಾ 66 ಹೊಡೆದರು. ಮೂರೇ ವರ್ಷಗಳಲ್ಲಿ ಬ್ಯಾರಿ ಬಾಂಡ್ಸ್ ಅದನ್ನು 73ಕ್ಕೆ ಏರಿಸಿದರು. ಹಾಗೆ ತುಂಬಿ ತುಳುಕುತ್ತಿದ್ದ ಅಂಗಣಗಳ ಒಡೆಯರಿಗೆ ಆ ಕಂದು ಸೀಸೆಯ ಬಗೆಗೆ ಪ್ರಶ್ನೆ ಕೇಳುವ ಆಸಕ್ತಿ ಎಲ್ಲಿಂದ ಬರಬೇಕು? ಆಟಗಾರರ ಸಂಘವಾದರೋ, ಸದಸ್ಯರ ಖಾಸಗಿ ಹಕ್ಕನ್ನು ಕಾಯುವ ತನ್ನ ಕರ್ತವ್ಯವನ್ನೇ ಮುಂದೊಡ್ಡಿ, ಪರೀಕ್ಷೆಯ ಮಾತು ಬಂದಾಗಲೆಲ್ಲ ಬಾಗಿಲು ಹಾಕಿಕೊಂಡಿತು. ಅಂತೂ ಮೌನದ ಮನೆಗೆ ಎರಡು ಕಡೆಯಿಂದಲೂ ಗೋಡೆ ಎದ್ದಿತು.

2005ರ ಮಾರ್ಚ್ 17ರಂದು ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೊಂದರ ಮುಂದೆ ಈ ಮೌನ ದೇಶವೆಲ್ಲ ನೋಡುವಂತೆ ಪ್ರಕಟವಾಯಿತು. ಸ್ಟೀರಾಯ್ಡು ಸೇವಿಸಿ ಮಾನಸಿಕವಾಗಿ ಕುಸಿದು ಪ್ರಾಣ ಕಳೆದುಕೊಂಡ ಇಬ್ಬರು ತರುಣ ಆಟಗಾರರ ತಂದೆತಾಯಿಗಳು ಅದೇ ದಿನ ಅಲ್ಲಿ ಸಾಕ್ಷ್ಯ ನುಡಿದಿದ್ದರು. ಬಳಿಕ ಬಂದ ಮೆಕ್‌ಗ್ವಾಯರ್, ಗತಕಾಲದ ಬಗೆಗೆ ಮಾತನಾಡಲು ತಾವಿಲ್ಲಿ ಬಂದಿಲ್ಲವೆಂದು ಮತ್ತೆ ಮತ್ತೆ ಹೇಳಿದರು. ಸೋಸಾ ತಮ್ಮ ಹೇಳಿಕೆಯನ್ನು ವಕೀಲರಿಂದ ಓದಿಸಿದರು. ರಫಾಯೆಲ್ ಪಾಲ್ಮೆರೋ ಬೆರಳೆತ್ತಿ ತೋರಿ, ತಾವೆಂದೂ ಸ್ಟೀರಾಯ್ಡು ಸೇವಿಸಿಲ್ಲವೆಂದು ಸಾರಿದರು. ಅದೇ ವರ್ಷದ ಆಗಸ್ಟಿನ ಮೊದಲ ದಿನ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹತ್ತು ದಿನಗಳ ಅಮಾನತಿಗೆ ಗುರಿಯಾದರು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಆ ದೇಶದ ಪ್ರತಿ ಪ್ರಜೆಗೂ ಉಂಟು; ರಕ್ಷಣೆಯ ಭರವಸೆಯಿಲ್ಲದೆ ಮಾತನಾಡಿದ್ದರೆ ಮೆಕ್‌ಗ್ವಾಯರ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಬಹುದಿತ್ತು. ಅವರ ಅಂದಿನ ಮೌನವನ್ನು ನಾನು ಪಾಲ್ಮೆರೋರ ಮಾತಿಗಿಂತ ಮೇಲೆಂದೇ ಎಣಿಸುತ್ತೇನೆ, ಸುಳ್ಳನ್ನಾದರೂ ಅವರು ನುಡಿಯಲಿಲ್ಲವಷ್ಟೆ. ಆದರೆ ಅಲ್ಲಿ ಕುಳಿತಿದ್ದ ತಂದೆತಾಯಿಗಳು ಕೇಳಬಯಸಿದ್ದು ನ್ಯಾಯಶಾಸ್ತ್ರದ ಉತ್ತರವನ್ನಲ್ಲ. ತಮ್ಮ ಮಕ್ಕಳು ಯಾರನ್ನು ನೋಡಿ ಕಲಿತರೋ ಅವರ ಬಾಯಿಂದ ಒಂದು ನಿಜವನ್ನು.

ಇದಕ್ಕೂ ಮೊದಲು ನಿಜವನ್ನು ನಿಜವಾಗಿಯೇ ನುಡಿದವರೊಬ್ಬರಿದ್ದರು. 1996ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದ ಕೆನ್ ಕ್ಯಾಮಿನಿಟಿ, ಆಟದಿಂದ ನಿವೃತ್ತರಾದ ಬಳಿಕ 2002ರಲ್ಲಿ, ಆ ವರ್ಷ ತಾವು ಸ್ಟೀರಾಯ್ಡು ತೆಗೆದುಕೊಂಡಿದ್ದೆವೆಂದು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗೆ ತಿಳಿಸಿದರು. ಕರ್ತೃ, ಕರ್ಮ, ಕ್ರಿಯೆ ಮೂರೂ ಇದ್ದ ವಾಕ್ಯ ಅದು. ಬೇರೆ ಮಾದಕಗಳ ಹಿಡಿತದಿಂದ ಬಿಡಿಸಿಕೊಳ್ಳಲಾರದೆ ಎರಡು ವರ್ಷಗಳ ಮೇಲೆ, ನಲವತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ವ್ಯಾಕರಣದ ಮಾತನ್ನು ಇಲ್ಲಿ ತಂದುದು ಅಲಂಕಾರಕ್ಕಾಗಿ ಅಲ್ಲ. ಈ ಆಟಗಾರರ ಹೇಳಿಕೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದಿದರೆ, ಮೌನ ಅಡಗಿಕೊಳ್ಳುವ ಸ್ಥಾನ ವಾಕ್ಯದೊಳಗೇ ಇದೆಯೆಂಬುದು ಕಣ್ಣಿಗೆ ಹೊಡೆಯುತ್ತದೆ. 2005ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಜೇಸನ್ ಜಿಯಾಂಬಿ ಪತ್ರಕರ್ತರನ್ನು ಕರೆದು, ಅಭಿಮಾನಿಗಳ, ಸಹಆಟಗಾರರ, ತಂಡದ ಕ್ಷಮೆ ಬೇಡಿದರು. ಏತಕ್ಕಾಗಿ ಬೇಡುತ್ತಿರುವೆನೆಂಬುದನ್ನು ಮಾತ್ರ ಹೇಳಲಿಲ್ಲ. ಸ್ಟೀರಾಯ್ಡಿನ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಮೆಕ್‌ಗ್ವಾಯರ್ 2010ರ ಜನವರಿಯಲ್ಲಿ, ಹಳೆಯ ತಂಡಕ್ಕೆ ತರಬೇತುದಾರರಾಗಿ ಮರಳುವ ಹೊತ್ತಿಗೆ, ಕರ್ಮಪದವನ್ನು ಸೇರಿಸಿ ಹೇಳಿದರು, ಕಣ್ಣೀರನ್ನೂ ಸುರಿಸಿದರು; ಆದರೆ ಮದ್ದು ತಮ್ಮ ದೇಹದ ನೋವನ್ನು ಮಾಯಿಸಿತೇ ಹೊರತು ಹೊಡೆತದ ಬಲವನ್ನು ಹೆಚ್ಚಿಸಲಿಲ್ಲವೆಂದು ವಾದಿಸಿ, ಕರ್ಮವನ್ನು ಒಪ್ಪಿ ಫಲವನ್ನು ನಿರಾಕರಿಸಿದರು. 2024ರ ಡಿಸೆಂಬರಿನಲ್ಲಿ ಸೋಸಾ ಪ್ರಕಟಿಸಿದ ಪತ್ರ, 162 ಪಂದ್ಯಗಳನ್ನು ಆಡುವ ಬಲಕ್ಕಾಗಿ ಗಾಯಗಳಿಂದ ಚೇತರಿಸಿಕೊಳ್ಳಲು ತಾವು ಮಾಡಿದ ತಪ್ಪುಗಳಿಗಾಗಿ ಕ್ಷಮೆ ಕೇಳಿತು. ಕಾನೂನನ್ನೆಂದೂ ಮುರಿಯಲಿಲ್ಲವೆಂದೂ ಹೇಳಿತು. ತಪ್ಪು ಯಾವುದೆಂಬಲ್ಲಿ ಆ ಪತ್ರ ಖಾಲಿ. ಇಪ್ಪತ್ತು ವರ್ಷ ದೂರವಿಟ್ಟಿದ್ದ ಶಿಕಾಗೋ ತಂಡ ಅಷ್ಟರಿಂದಲೇ ತೃಪ್ತಿಗೊಂಡು ಅವರನ್ನು ಮರಳಿ ಆಹ್ವಾನಿಸಿತು. ಸಂಪೂರ್ಣ ಮೌನಕ್ಕಿಂತಲೂ ಇಂತಹ ಕ್ಷಮಾಯಾಚನೆಯನ್ನು ನಾನು ಹೆಚ್ಚು ದೋಷಯುಕ್ತವೆಂದು ಭಾವಿಸುತ್ತೇನೆ. ಮೌನಿಯು ಕ್ಷಮೆಯನ್ನು ಕೇಳುವುದಿಲ್ಲವಾದ್ದರಿಂದ ಪಡೆಯುವುದೂ ಇಲ್ಲ. ಇವರು ಕೊಡಬೇಕಾದುದನ್ನು ಕೊಡದೆ ಪಡೆಯಬೇಕಾದುದನ್ನು ಪಡೆದರು.

ಬಾಂಡ್ಸ್ ಅವರ ತರಬೇತುದಾರ ಗ್ರೆಗ್ ಆಂಡರ್ಸನ್ ಸ್ಟೀರಾಯ್ಡಿನ ವಿಚಾರಣೆಯಲ್ಲಿ ತಮ್ಮ ಗೆಳೆಯನ ವಿರುದ್ಧ ಸಾಕ್ಷ್ಯ ನುಡಿಯಲೊಲ್ಲದೆ ಒಂದು ವರ್ಷಕ್ಕೂ ಮಿಕ್ಕಿ ಸೆರೆಮನೆಯಲ್ಲಿದ್ದರು. ಆ ಹಟದಲ್ಲಿ ಒಂದು ಬಗೆಯ ಸ್ನೇಹನಿಷ್ಠೆ ಇರುವುದನ್ನು ಅಲ್ಲಗಳೆಯಲಾರೆ. ಬೆಲೆಯನ್ನು ಅವರೇ ತೆತ್ತರು ಎಂಬುದು ಆ ಮೌನಕ್ಕಿರುವ ಒಂದೇ ಘನತೆ. ಉಳಿದವರ ಮೌನದ ಬೆಲೆಯನ್ನು ತೆತ್ತವರು ಯಾರು?

ಈ ಪ್ರಶ್ನೆಯನ್ನು ಕೇಳಿಕೊಂಡಾಗ ನಮ್ಮ ದೃಷ್ಟಿ ಪ್ರಸಿದ್ಧರಿಂದ ಅಪ್ರಸಿದ್ಧರ ಕಡೆಗೆ ಹೊರಳಬೇಕಾಗುತ್ತದೆ. 1994ರಲ್ಲಿ ಫ್ಲಾರಿಡಾದ ಫೋರ್ಟ್ ಮಯರ್ಸ್ ಊರಿನ ಕೆಳದರ್ಜೆಯ ತಂಡವೊಂದರಲ್ಲಿ ನಾಲ್ವರು ಚೆಂಡೆಸೆಗಾರರು ಒಟ್ಟಿಗೆ ಆಡುತ್ತಿದ್ದರು. ಅವರಲ್ಲಿ ಡ್ಯಾನ್ ನಾಲ್ಟಿ ಸ್ಟೀರಾಯ್ಡು ಸೇವಿಸಿ ಮೈಯನ್ನೂ ಎಸೆತದ ವೇಗವನ್ನೂ ಬೆಳೆಸಿಕೊಂಡು ಮೇಲಿನ ಲೀಗಿಗೆ ಏರಿದರು. ಸೇವಿಸದ ಮೂವರೂ ಏರಲಿಲ್ಲ. ನಾಲ್ಟಿ ಮುಂದೆ ತಮ್ಮ ಅಪರಾಧವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಆ ಮೂವರು ಆಡದೆಹೋದ ಆಟಕ್ಕೆ ಯಾವ ಅಂಕಪಟ್ಟಿಯಲ್ಲಿ ಸ್ಥಳವಿದೆ? ಬಾಂಡ್ಸ್‌ರ ವೃತ್ತಿಜೀವನದ 762 ಹೋಮ್ ರನ್‌ಗಳ ಮುಂದೆ ಸಂಶಯದ ಗುರುತಾಗಿ ನಕ್ಷತ್ರಚಿಹ್ನೆ ಹಾಕಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ ಪಂಡಿತರು, ಬರೆಯಲ್ಪಡದೆ ಹೋದ ಸಂಖ್ಯೆಗಳ ಚಿಂತೆಯನ್ನು ಮಾಡಿದ್ದು ತೀರ ಕಡಿಮೆ. ಕೂಪರ್ಸ್‌ಟೌನಿನ ಕೀರ್ತಿಭವನಕ್ಕೆ ಬೇಕಾದ ನೂರಕ್ಕೆ 75 ಮತಗಳು ದೊರೆಯದೆ, 2022ರಲ್ಲಿ 66ಕ್ಕೆ ನಿಂತು, ಬಾಂಡ್ಸ್ ಅಲ್ಲಿನ ಮತಪಟ್ಟಿಯಿಂದ ಹೊರಗಾದರು. ಆ ಕಾಲವೆಲ್ಲ ಆಟವನ್ನಾಳಿದ ಆಯುಕ್ತ ಬಡ್ ಸೀಲಿಗ್ ಅಷ್ಟರಲ್ಲಿಯೇ ಒಳಗಿದ್ದರು. ಮದ್ದು ಸೇವಿಸಿದವನ ಮೌನಕ್ಕೆ ಶಿಕ್ಷೆ, ಕಂಡೂ ಕಾಣದಂತಿದ್ದ ಒಡೆತನದ ಮೌನಕ್ಕೆ ಪ್ರಶಸ್ತಿಫಲಕ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಮದ್ದು ಮುಟ್ಟದವರ ಮೌನವೇ ಎಲ್ಲಕ್ಕಿಂತ ಹೆಚ್ಚು ದುಃಖವನ್ನು ತರುವಂಥದು. ಸೆನೆಟರಾಗಿದ್ದ ಜಾರ್ಜ್ ಮಿಚೆಲ್ ಇಪ್ಪತ್ತು ತಿಂಗಳ ವಿಚಾರಣೆ ನಡೆಸಿ, 89 ಆಟಗಾರರ ಹೆಸರುಗಳುಳ್ಳ 409 ಪುಟಗಳ ವರದಿಯನ್ನು 2007ರ ಡಿಸೆಂಬರಿನಲ್ಲಿ ಒಪ್ಪಿಸಿದರು. ಆ ವಿಚಾರಣೆಯ ಕಾಲದಲ್ಲಿ, ತಿಳಿದದ್ದನ್ನು ತಿಳಿಸಬೇಕೆಂದು ಆಡುತ್ತಿರುವ ಆಟಗಾರರೆಲ್ಲರಿಗೂ ಅವರು ಪತ್ರ ಕಳುಹಿಸಿದ್ದರು. ಅದನ್ನು ಓದಿ ತಾನಾಗಿ ಮುಂದೆ ಬಂದವರು ಒಬ್ಬರೂ ಇಲ್ಲ. ಶುದ್ಧವಾಗಿ ಆಡುತ್ತ, ಅಶುದ್ಧರ ದೆಸೆಯಿಂದ ತಮ್ಮ ಸ್ಥಾನವನ್ನೂ ಸಂಬಳವನ್ನೂ ಕಳೆದುಕೊಳ್ಳುತ್ತಿದ್ದ ನೂರಾರು ಮಂದಿ, ಕೋಣೆಯ ನಿಯಮಕ್ಕೆ ಕಟ್ಟುಬಿದ್ದು, ತಮ್ಮನ್ನೇ ನುಂಗುತ್ತಿದ್ದ ರಹಸ್ಯಕ್ಕೆ ತಾವೇ ಕಾವಲು ನಿಂತರು. ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ತಲೆತಗ್ಗಿಸಿ ಕುಳಿತ ಹಿರಿಯರು ನೆನಪಿಗೆ ಬರುತ್ತಾರೆ.

ಆ ಸಭೆಯಲ್ಲಿ ವಿಕರ್ಣನೊಬ್ಬ ಎದ್ದು ನಿಂತಂತೆ ಇಲ್ಲಿಯೂ ಒಬ್ಬರು ಎದ್ದು ನಿಂತರು. ಟೆಕ್ಸಾಸ್ ರೇಂಜರ್ಸ್ ತಂಡದ ಚೆಂಡೆಸೆಗಾರ ರಿಕ್ ಹೆಲ್ಲಿಂಗ್, 70 ಹೋಮ್ ರನ್‌ಗಳ ಆ ಸಂಭ್ರಮದ ವರ್ಷ ಇನ್ನೂ ಮುಗಿಯುವ ಮುನ್ನವೇ, 1998ರ ಡಿಸೆಂಬರಿನಲ್ಲಿ, ಆಟಗಾರರ ಸಂಘದ ಕಾರ್ಯಕಾರಿ ಸಭೆಯಲ್ಲಿ ಎದ್ದು, ಸ್ಟೀರಾಯ್ಡಿನ ಪಿಡುಗು ಹಬ್ಬಿದೆಯೆಂದೂ, ಶುದ್ಧವಾಗಿ ಆಡಬಯಸುವವರೂ ಸೇವಿಸದೆ ಗತ್ಯಂತರವಿಲ್ಲವೆಂಬ ಸ್ಥಿತಿಗೆ ಬರುತ್ತಿದ್ದಾರೆಂದೂ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಮರುವರ್ಷವೂ ಹೇಳಿದರು, ಅದರ ಮರುವರ್ಷವೂ ಹೇಳಿದರು. 1999ರಲ್ಲಿ ಅವರ ಎಸೆತಗಳಿಂದ 41 ಹೋಮ್ ರನ್‌ಗಳು ಹೋದವು. ಅಮೆರಿಕನ್ ಲೀಗಿನಲ್ಲಿ ಆ ವರ್ಷ ಅಷ್ಟು ಹೊಡೆಸಿಕೊಂಡವರು ಬೇರೊಬ್ಬರಿರಲಿಲ್ಲ. 2001ರಲ್ಲಿ ಅವರ ತಂಡಕ್ಕೆ ಅಲೆಕ್ಸ್ ರಾಡ್ರಿಗೆಜ್ ಬಂದು ಸೇರಿದರು. ಅದೇ ಕೋಣೆಯಲ್ಲಿ ಉಡುಪು ಬದಲಿಸಿ, ಹೆಲ್ಲಿಂಗ್ ಅವರ ಬೆನ್ನ ಹಿಂದೆಯೇ ಕಾವಲಿಗೆ ನಿಂತು ಆಡಿದರು. ಆ ವರ್ಷದಿಂದ ಮೊದಲ್ಗೊಂಡು ತಾವು ಸ್ಟೀರಾಯ್ಡು ಸೇವಿಸಿದ್ದೆವೆಂದು ರಾಡ್ರಿಗೆಜ್ ಒಪ್ಪಿಕೊಂಡದ್ದು 2009ರಲ್ಲಿ, ಪತ್ರಿಕೆಯೊಂದು ಅವರ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದ ಮೇಲೆ. ಅಷ್ಟರಲ್ಲಿ ಹೆಲ್ಲಿಂಗ್ ಆಟದಿಂದ ನಿವೃತ್ತರಾಗಿದ್ದರು.